ಮೋಟಾರು ಅಪಘಾತವಾದ ಮೇಲೆ



ಅಪಘಾತವಾಗದಂತೆ ವಾಹನವನ್ನು ಹೇಗೆ ನಡೆಸಬೇಕೆಂಬ ವಿಚಾರವಾಗಿ ನಿಮಗೆ ಅನೇಕರು ಹೇಳಿದ್ದಾರೆ. ಇನ್ನು ಮುಂದೆಯೂ ಹೇಳುವರು. ಈ ದಿನ ನಾನು ಮಾತನಾಡಬೇಕೆಂದಿರುವುದು ಆ ಎಚ್ಚರಿಕೆಗಳೆಲ್ಲ ಮೀರಿಹೋಗಿ, ಅಪಘಾತ ನಡೆದೇಹೋದ ಮೇಲಿನ ಗಳಿಗೆಗಳ ವಿಚಾರ. 2022ನೆಯ ಇಸವಿಯೊಂದರಲ್ಲಿಯೇ ನಮ್ಮ ದೇಶದ ರಸ್ತೆಗಳ ಮೇಲೆ 1,68,491 ಮಂದಿ ಪ್ರಾಣ ಬಿಟ್ಟರೆಂದು ಸರ್ಕಾರದ ಲೆಕ್ಕ ಹೇಳುತ್ತದೆ. ಗಾಯಗೊಂಡವರು ನಾಲ್ಕು ಲಕ್ಷ ನಲವತ್ತು ಸಾವಿರಕ್ಕೂ ಮೇಲ್ಪಟ್ಟವರು. ಆದಕಾರಣ ಇದು ಯಾರೋ ಕೆಲವರಿಗೆ ಮಾತ್ರ ಸಂಬಂಧಪಟ್ಟ ವಿಷಯವೆಂದು ಯಾರೂ ಕಿವಿ ಮುಚ್ಚಿಕೊಳ್ಳುವ ಹಾಗಿಲ್ಲ.

ನಾನು ವೃತ್ತಿಯಿಂದ ವಕೀಲ. ವೈದ್ಯದ ಮಾತು ನನ್ನ ಬಾಯಿಯಲ್ಲಿ ಬಂದರೆ ಅದು ನನ್ನ ಸ್ನೇಹಿತರಾದ ಡಾಕ್ಟರುಗಳಿಂದ ಕಲಿತದ್ದೆಂದು ತಿಳಿಯಬೇಕು. ಆದರೆ ಈ ವಿಷಯದಲ್ಲಿ ವೈದ್ಯವನ್ನೂ ಕಾನೂನನ್ನೂ ಬೇರೆ ಬೇರೆಯಾಗಿ ಹೇಳುವುದು ಸಾಧ್ಯವಿಲ್ಲ. ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ನನ್ನ ಮನೆಯಲ್ಲಿಯೇ ಕಲಿತೆ.

ಕೆಲವು ವರ್ಷಗಳ ಹಿಂದೆ ನನ್ನ ಅಣ್ಣಂದಿರು ಸ್ಕೂಟರಿನಲ್ಲಿ ಮದ್ದೂರಿನ ಕಡೆಯಿಂದ ಬರುತ್ತಿದ್ದಾಗ ಹಿಂದಿನಿಂದ ಒಂದು ಕಾರು ತಗುಲಿತು. ಅವರು ರಸ್ತೆಯ ಪಕ್ಕಕ್ಕೆ ಬಿದ್ದು, ಒಂದೆರಡು ನಿಮಿಷ ಮಂಕಾಗಿ ಕುಳಿತಿದ್ದು, ಎದ್ದು ನಿಂತರು. ಮೊಣಕೈ ತರಚಿದ್ದುದಲ್ಲದೆ ಬೇರೇನೂ ಕಾಣಲಿಲ್ಲ. ಎಳನೀರು ಮಾರುವವನೊಬ್ಬನು ಓಡಿಬಂದು ಅವರನ್ನು ನೆರಳಿನಲ್ಲಿ ಕೂರಿಸಿದನು. ಕಾರಿನವರು ಸಭ್ಯರ ಹಾಗೆಯೇ ಮಾತನಾಡಿ, ಎರಡು ಸಾವಿರ ರೂಪಾಯಿ ಕೈಗಿತ್ತು, ಒಂದು ಕಾಗದದ ಮೇಲೆ ರುಜು ಹಾಕಿಸಿಕೊಂಡು ಹೊರಟುಹೋದರು. ಅಣ್ಣಂದಿರು ಅದೇ ಸ್ಕೂಟರನ್ನು ತಳ್ಳಿಕೊಂಡು ಹೋಗಿ, ಬಸ್ಸು ಹತ್ತಿ ಮನೆಗೆ ಬಂದು, ಊಟವನ್ನೂ ಮಾಡಿದರು. ರಾತ್ರಿ ಹತ್ತು ಗಂಟೆಗೆ ತಲೆನೋವೆಂದರು. ಹನ್ನೊಂದಕ್ಕೆ ವಾಂತಿಯಾಯಿತು. ಹನ್ನೆರಡರ ಹೊತ್ತಿಗೆ ಅತ್ತಿಗೆಯವರು ಎಷ್ಟು ಅಲುಗಾಡಿಸಿದರೂ ಎಚ್ಚರವಾಗಲಿಲ್ಲ.

ಡಾಕ್ಟರುಗಳು ಇದಕ್ಕೆ ಹೇಳುವ ಕಾರಣ ಹೀಗಿದೆ. ತಲೆಗೆ ಪೆಟ್ಟು ಬಿದ್ದಾಗ ತಲೆಬುರುಡೆಗೂ ಮಿದುಳಿನ ಹೊದಿಕೆಗೂ ನಡುವೆ ಇರುವ ರಕ್ತನಾಳವೊಂದು ಹರಿಯುವುದುಂಟು. ರಕ್ತ ಅಲ್ಲಿ ಮೆಲ್ಲಮೆಲ್ಲನೆ ಶೇಖರವಾಗುತ್ತದೆ. ಅದು ಸ್ವಲ್ಪವಾಗಿರುವವರೆಗೆ ಮನುಷ್ಯನು ಮಾತನಾಡುತ್ತಾನೆ, ನಡೆಯುತ್ತಾನೆ, ನಗುತ್ತಾನೆ. ಬುರುಡೆಯಾದರೋ ಗಟ್ಟಿಯಾದ ಪೆಟ್ಟಿಗೆ, ಅದು ಹಿಗ್ಗಲಾರದು. ರಕ್ತ ಹೆಚ್ಚಿದಷ್ಟೂ ಮಿದುಳು ಅದುಮಿಹೋಗುತ್ತದೆ. ನಡುವೆ ಸಿಕ್ಕುವ ಈ ಕೆಲವು ಗಂಟೆಗಳ ಸುಳ್ಳು ಸ್ವಾಸ್ಥ್ಯವೇ ಮನೆಯವರನ್ನು ಮೋಸಗೊಳಿಸುವುದು. ಆದ್ದರಿಂದ ತಲೆಗೆ ಪೆಟ್ಟು ಬಿದ್ದು ಒಂದು ನಿಮಿಷವಾದರೂ ಪ್ರಜ್ಞೆ ತಪ್ಪಿದವರನ್ನು, ಅಥವಾ ಏನು ನಡೆಯಿತೆಂಬುದು ನೆನಪಿಲ್ಲವೆನ್ನುವವರನ್ನು, ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗತಕ್ಕದ್ದು. ಅಲ್ಲಿಂದ ಮನೆಗೆ ಕಳುಹಿಸಿದರೂ ಒಂದೆರಡು ದಿನ ಅವರನ್ನು ಒಂಟಿಯಾಗಿ ಬಿಡಕೂಡದು. ತಲೆನೋವು ಏರುತ್ತಿದ್ದರೆ, ಮತ್ತೆ ಮತ್ತೆ ವಾಂತಿಯಾದರೆ, ಮಾತು ತೊದಲಿದರೆ, ಮಂಪರು ಕವಿದರೆ, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಿ ಕಂಡರೆ, ಮೂಗಿನಿಂದಲೋ ಕಿವಿಯಿಂದಲೋ ತಿಳಿನೀರು ಸುರಿದರೆ, ಬೆಳಗಾಗಲೆಂದು ಕಾಯಬೇಡಿ. ವಯಸ್ಸಾದವರಲ್ಲಿ, ಅದರಲ್ಲಿಯೂ ಹೃದಯದ ಬೇನೆಗಾಗಿ ರಕ್ತ ಹೆಪ್ಪುಗಟ್ಟದಂತೆ ಔಷಧ ಸೇವಿಸುವವರಲ್ಲಿ, ತಲೆಯೊಳಗಿನ ರಕ್ತಸ್ರಾವ ಎರಡು ಮೂರು ವಾರಗಳ ಮೇಲೆ ತಲೆದೋರುವುದೂ ಉಂಟು. ಅಜ್ಜನಿಗೆ ಈಚೆಗೆ ಅರಳುಮರಳು ಹೆಚ್ಚಾಯಿತೆಂದು ಮನೆಯವರು ಸುಮ್ಮನಿರುತ್ತಾರೆ. ತಿಂಗಳ ಹಿಂದೆ ಆಟೋರಿಕ್ಷಾ ತಗುಲಿ ಬಿದ್ದದ್ದು ಯಾರಿಗೂ ಜ್ಞಾಪಕವಿರುವುದಿಲ್ಲ.

ಹೊಟ್ಟೆಯೂ ಹೀಗೆಯೇ ಮೋಸಮಾಡುವುದು. ಗುಲ್ಮ, ಅಂದರೆ ಎಡಪಕ್ಕೆಯ ಕೆಳಗಿರುವ ಅಂಗ, ಬಿರಿದು ಒಳಗೇ ರಕ್ತ ಸೋರುತ್ತಿದ್ದರೂ ಹೊರಗೆ ಗಾಯವಿರುವುದಿಲ್ಲ. ಸೀಟುಬೆಲ್ಟಿನ ಗುರುತು ಹೊಟ್ಟೆಯ ಮೇಲೆ ಕಂದಿ ಮೂಡಿದ್ದರೆ, ಹೊಟ್ಟೆನೋವು ಹೆಚ್ಚಾಗುತ್ತಿದ್ದರೆ, ಎಡ ಭುಜದ ತುದಿಯಲ್ಲಿ ಕಾರಣವಿಲ್ಲದೆ ನೋವು ಕಂಡರೆ, ಕೈಕಾಲು ತಣ್ಣಗಾಗಿ ಬೆವರಿ ನಾಡಿ ವೇಗವಾದರೆ, ಅದು ಅಪಾಯದ ಚಿಹ್ನೆ. ಸೀಟುಬೆಲ್ಟು ಗಾಯಮಾಡಿತೆಂದು ಅದನ್ನು ದೂರಬಾರದು. ಅದಿಲ್ಲದಿದ್ದರೆ ಗುರುತು ನೋಡಲು ಆ ಮನುಷ್ಯನೇ ಉಳಿಯುತ್ತಿದ್ದನೋ ಇಲ್ಲವೋ. ಕುತ್ತಿಗೆಯ ನೋವು ಸಾಮಾನ್ಯವಾಗಿ ಮರುದಿನ ಏಳುವಾಗ ತಿಳಿಯುತ್ತದೆ. ಅದರ ಸಂಗಡ ಕೈಬೆರಳುಗಳು ಜೋಮು ಹಿಡಿದರೆ ತೈಲ ತಿಕ್ಕಿಸಿಕೊಳ್ಳುವ ಕೆಲಸಕ್ಕೆ ಹೋಗಬೇಡಿ. ಮೂಳೆ ಮುರಿದಿದೆಯೆಂಬ ಅನುಮಾನವಿದ್ದಾಗ ಚಿತ್ರ ತೆಗೆಸದೆ ನಾಟಿ ಕಟ್ಟು ಹಾಕಿಸುವುದು ನಮ್ಮ ಹಳ್ಳಿಗಳಲ್ಲಿ ಇನ್ನೂ ಬಹಳವಾಗಿದೆ. ಕಟ್ಟುವವರಲ್ಲಿ ಅನುಭವಸ್ಥರಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಊದಿದ ಕಾಲಿಗೆ ಬಿಗಿಯಾದ ಕಟ್ಟು ಬಿದ್ದು, ರಕ್ತಸಂಚಾರ ನಿಂತು, ಕಾಲನ್ನೇ ಕತ್ತರಿಸಬೇಕಾಗಿ ಬಂದ ಹುಡುಗನೊಬ್ಬನ ಮೊಕದ್ದಮೆಯನ್ನು ನಾನೇ ನಡೆಸಿದ್ದೇನೆ. ಕಟ್ಟಿದ ಮೇಲೆ ಬೆರಳು ನೀಲಿಯಾಗಿ ತಣ್ಣಗಾದರೆ ಕಟ್ಟನ್ನು ಆ ಕ್ಷಣವೇ ಬಿಚ್ಚಿಸಬೇಕು.

ಅಪಘಾತದ ಸ್ಥಳದಲ್ಲಿ ಮಾಡಬೇಕಾದದ್ದು ಬಹಳವಿಲ್ಲ. 112 ಇಲ್ಲವೆ 108ಕ್ಕೆ ಟೆಲಿಫೋನು ಮಾಡಿ. ಸುರಿಯುವ ರಕ್ತವನ್ನು ಶುದ್ಧವಾದ ಬಟ್ಟೆಯಿಂದ ಒತ್ತಿ ಹಿಡಿಯಿರಿ. ನೋಡುವುದಕ್ಕೆಂದು ಗಳಿಗೆಗೊಮ್ಮೆ ಎತ್ತಬೇಡಿ. ಬೆಂಕಿಯ ಭಯವೋ ಮತ್ತೊಂದು ವಾಹನ ಹಾಯುವ ಭಯವೋ ಇದ್ದರೆ ಹೊರತು ಬಿದ್ದವರನ್ನು ಕೈಕಾಲು ಹಿಡಿದು ಎತ್ತಿ ಕಾರಿನಲ್ಲಿ ತುರುಕಬಾರದು. ಕುತ್ತಿಗೆಯ ಮೂಳೆ ಮುರಿದಿದ್ದರೆ ನಮ್ಮ ದಯೆಯೇ ಅವರನ್ನು ಆಜನ್ಮ ಹಾಸಿಗೆ ಹಿಡಿಸೀತು. ಬಾಯಿಗೆ ನೀರು ಬಿಡುವುದು ನಮ್ಮ ಜನದ ಸಹಜವಾದ ಕರುಣೆ. ಎಚ್ಚರವಿಲ್ಲದವರಿಗೆ ಅದು ಉಸಿರಿನ ದಾರಿಗೆ ಇಳಿದು ಪ್ರಾಣವನ್ನೇ ತೆಗೆಯಬಹುದು.

ಸಹಾಯ ಮಾಡಿದರೆ ಕೋರ್ಟಿಗೆ ಅಲೆಯಬೇಕಾದೀತೆಂಬ ಅಂಜಿಕೆಗೆ ಈಗ ಕಾರಣವಿಲ್ಲ. ಸುಪ್ರೀಂ ಕೋರ್ಟು 2016ರಲ್ಲಿ ಈ ವಿಚಾರದ ನಿಯಮಗಳಿಗೆ ಕಾನೂನಿನ ಬಲವನ್ನು ಕೊಟ್ಟಿತು. ಮೋಟಾರು ವಾಹನಗಳ ಕಾನೂನಿಗೆ 2019ರಲ್ಲಿ ತಿದ್ದುಪಡಿಯಾದಾಗ 134ಎ ಎಂಬ ಪ್ರಕರಣವನ್ನೇ ಸೇರಿಸಲಾಯಿತು. ನಮ್ಮ ಕರ್ನಾಟಕವು ಇದಕ್ಕಾಗಿಯೇ 2016ರಲ್ಲಿ ಪ್ರತ್ಯೇಕವಾದ ಶಾಸನವನ್ನು ಮಾಡಿ, 2018ರಲ್ಲಿ ಅದಕ್ಕೆ ರಾಷ್ಟ್ರಪತಿಗಳ ಅಂಕಿತವನ್ನು ಪಡೆಯಿತು. ಗಾಯಾಳುವನ್ನು ಕರೆತಂದವರು ತಮ್ಮ ಹೆಸರನ್ನು ಹೇಳದೆಯೂ ಹೊರಟುಹೋಗಬಹುದು. ಆಸ್ಪತ್ರೆಯವರು ಅವರಿಂದ ಹಣ ಕೇಳುವಂತಿಲ್ಲ. ಹಾಗೆಯೇ, ಪೋಲೀಸರು ಬರಲಿ, ಆಮೇಲೆ ನೋಡುತ್ತೇವೆಂದು ಯಾವ ಡಾಕ್ಟರೂ ಹೇಳುವಂತಿಲ್ಲ. ಪ್ರಾಣ ಉಳಿಸುವುದು ಮೊದಲು, ಕಾನೂನಿನ ವಿಧಿ ಆಮೇಲೆ, ಎಂದು ಸುಪ್ರೀಂ ಕೋರ್ಟು 1989ರಲ್ಲಿಯೇ ತೀರ್ಮಾನಿಸಿತು. ಚಿಕಿತ್ಸೆಯ ಹಣಕ್ಕೆ ಸಂಬಂಧಪಟ್ಟಂತೆ ಕೇಂದ್ರ ಸರ್ಕಾರವು 2025ರ ಮೇ ತಿಂಗಳಿನಲ್ಲಿ ಒಂದು ಯೋಜನೆಯನ್ನು ಪ್ರಕಟಿಸಿತು. ಮೋಟಾರು ವಾಹನದಿಂದ ಗಾಯಗೊಂಡವರು ಯಾರೇ ಆಗಲಿ, ಗೊತ್ತುಮಾಡಿದ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿನ ಮಿತಿಯೊಳಗೆ ಕೈಯಿಂದ ಹಣ ಕೊಡದೆ ಚಿಕಿತ್ಸೆ ಪಡೆಯಬಹುದು. ಆಸ್ಪತ್ರೆಗೆ ಸೇರಿಸುವಾಗಲೇ ಈ ಯೋಜನೆಯ ಹೆಸರೆತ್ತಿ ಕೇಳಬೇಕು. ಕೇಳದವರಿಗೆ ತಾನಾಗಿ ಸಿಕ್ಕುವುದೆಂಬ ಭರವಸೆ ನನಗಿಲ್ಲ.

ಈಗ ನನ್ನ ಅಣ್ಣಂದಿರ ವಿಷಯಕ್ಕೆ ಮರಳಿ ಬರುತ್ತೇನೆ. ಆ ಮಧ್ಯರಾತ್ರಿ ಅವರನ್ನು ಆಸ್ಪತ್ರೆಗೆ ಹೊತ್ತೊಯ್ದವನು ಪಕ್ಕದ ಮನೆಯ ಹುಡುಗ. ಏನಾಯಿತೆಂದು ಅಲ್ಲಿ ಕೇಳಿದಾಗ ಅವನು ಗಾಬರಿಯಲ್ಲಿ, ‘ಬಿದ್ದರು’ ಎಂದನು. ನಿದ್ದೆಗಣ್ಣಿನಲ್ಲಿದ್ದವರೊಬ್ಬರು ಅದನ್ನು ‘ಮನೆಯಲ್ಲಿ ಬಿದ್ದು ತಲೆಗೆ ಪೆಟ್ಟು’ ಎಂದು ರಿಜಿಸ್ಟರಿನಲ್ಲಿ ಬರೆದುಕೊಂಡರು. ಶಸ್ತ್ರಚಿಕಿತ್ಸೆಯಾಗಿ ಪ್ರಾಣ ಉಳಿಯಿತು. ಬಲಗೈಯ ಶಕ್ತಿ ಮಾತ್ರ ಪೂರ್ತಿಯಾಗಿ ಮರಳಲಿಲ್ಲ. ನಾವೆಲ್ಲರೂ ಆಸ್ಪತ್ರೆಯ ಜಗಲಿಯಲ್ಲಿ ಕುಳಿತಿದ್ದೆವು; ಪೋಲೀಸು ಠಾಣೆಗೆ ಹೋಗಿ ಫಿರ್ಯಾದು ಕೊಟ್ಟದ್ದು ಹನ್ನೆರಡನೆಯ ದಿನ. ವಕೀಲನ ಮನೆಯಲ್ಲಿಯೇ ಹೀಗಾಯಿತೆಂದು ಹೇಳುವುದಕ್ಕೆ ನನಗೆ ನಾಚಿಕೆಯಾಗುತ್ತದೆ. ಪರಿಹಾರದ ಅರ್ಜಿ ಹಾಕಿದಾಗ ವಿಮಾ ಕಂಪನಿಯ ವಕೀಲರು ಆ ರಿಜಿಸ್ಟರಿನ ಪುಟವನ್ನು ಮುಂದಿಟ್ಟು, ಇದು ಮನೆಯಲ್ಲಿ ಬಿದ್ದ ಗಾಯ, ಕಾರಿಗೂ ಇದಕ್ಕೂ ಸಂಬಂಧವಿಲ್ಲ ಎಂದರು. ಅವರನ್ನು ನಾನು ದೂಷಿಸಲಾರೆ. ಅವರ ಸ್ಥಾನದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆ ಒಂದು ಮಾತಿನಿಂದ ನಾಲ್ಕು ವರ್ಷ ಹೋಯಿತು.

ಆದ್ದರಿಂದ ಆಸ್ಪತ್ರೆಯ ಬಾಗಿಲಲ್ಲಿ ಆಡುವ ಮೊದಲ ಮಾತಿನ ವಿಚಾರವನ್ನು ನಾನು ಒತ್ತಿ ಹೇಳುತ್ತೇನೆ. ‘ಇಂಥ ದಿನ, ಇಷ್ಟು ಹೊತ್ತಿಗೆ, ಇಂಥ ಸ್ಥಳದಲ್ಲಿ, ಇಂಥ ವಾಹನ ತಗುಲಿ ಆದ ಪೆಟ್ಟು’ ಎಂದು ಬರೆಯಿಸಬೇಕು. ವಾಹನದ ನಂಬರು ತಿಳಿದಿದ್ದರೆ ಅದನ್ನೂ ಹೇಳಬೇಕು. ತಿಳಿಯದಿದ್ದರೆ ತಿಳಿಯದೆಂದೇ ಹೇಳಬೇಕು, ಊಹಿಸಿ ಹೇಳಬಾರದು. ಇದು ಕಾನೂನಿಗೆ ಸಂಬಂಧಪಟ್ಟ ಗಾಯವೆಂದು ಡಾಕ್ಟರು ದಾಖಲುಮಾಡಿ ಠಾಣೆಗೆ ತಿಳುವಳಿಕೆ ಕಳುಹಿಸುತ್ತಾರೆ. ದೊಡ್ಡ ಗಾಯದ ನೋವಿನಲ್ಲಿ ಚಿಕ್ಕ ನೋವುಗಳನ್ನು ಹೇಳದೆ ಬಿಡುವುದು ಸಾಮಾನ್ಯ. ಮುರಿದ ತೊಡೆಯ ಮಾತನ್ನೇ ಆಡುತ್ತ, ಹಲ್ಲು ಅಲುಗಿದ್ದನ್ನೂ ಕಿವಿ ಮಂದವಾದದ್ದನ್ನೂ ಮರೆಯುತ್ತಾರೆ. ಮೂರು ತಿಂಗಳ ಮೇಲೆ ಅದನ್ನು ಹೇಳಿದರೆ ನಂಬುವವರು ಕಡಮೆ. ಔಷಧದ ಚೀಟಿ, ರಸೀದಿ, ಚಿತ್ರಗಳು, ಆಸ್ಪತ್ರೆಯಿಂದ ಬಿಡುವಾಗ ಕೊಡುವ ಪತ್ರ, ಇವೆಲ್ಲವನ್ನೂ ಒಂದು ಚೀಲದಲ್ಲಿ ಹಾಕಿಡುವ ಕೆಲಸವನ್ನು ಮನೆಯಲ್ಲಿ ಒಬ್ಬರಿಗೆ ವಹಿಸಿರಿ. ಹೆಂಗಸರಿಗೆ ವಹಿಸಿದರೆ ಕಳೆಯುವುದಿಲ್ಲವೆಂಬುದು ನನ್ನ ಅನುಭವ. ರಾತ್ರಿ ನಿದ್ದೆ ಬಾರದಿರುವುದು, ಹಾರನ್ನು ಕೇಳಿದರೆ ಮೈ ನಡುಗುವುದು, ರಸ್ತೆ ದಾಟಲು ಭಯಪಡುವುದು, ಇವೂ ಪೆಟ್ಟೇ ಸರಿ. ತಿಂಗಳು ಕಳೆದರೂ ಹೋಗದಿದ್ದರೆ ಡಾಕ್ಟರಿಗೆ ಹೇಳಿ, ಹೇಡಿತನವೆಂದು ಮುಚ್ಚಿಡಬೇಡಿ.

ಠಾಣೆಯಲ್ಲಿ ಫಿರ್ಯಾದನ್ನು ಗಾಯಾಳುವೇ ಹೋಗಿ ಕೊಡಬೇಕೆಂಬ ನಿಯಮವಿಲ್ಲ. ನೋಡಿದವರು, ನೆಂಟರು, ಯಾರಾದರೂ ಕೊಡಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ಸ್ಥಳ ತಮ್ಮ ಸರಹದ್ದಿನದಲ್ಲವೆಂದು ಹೇಳಿ ಫಿರ್ಯಾದನ್ನು ಹಿಂದಕ್ಕೆ ಕಳುಹಿಸುವಂತಿಲ್ಲ, ಮತ್ತು ಬರೆದುಕೊಂಡದ್ದರ ಪ್ರತಿಯನ್ನು ಕೊಟ್ಟವರಿಗೆ ಧರ್ಮಾರ್ಥವಾಗಿ ಕೊಡಬೇಕು. ಮಹಜರಿನ ಮತ್ತು ನಕ್ಷೆಯ ನಕಲುಗಳನ್ನೂ ಪಡೆಯಿರಿ. ಈಗ ಎಲ್ಲರ ಕಿಸೆಯಲ್ಲಿಯೂ ಟೆಲಿಫೋನಿನ ಸಂಗಡ ಕ್ಯಾಮೆರಾ ಇರುವುದರಿಂದ, ವಾಹನಗಳನ್ನು ಸರಿಸುವ ಮೊದಲು ಅವು ನಿಂತ ಸ್ಥಿತಿ, ಚಕ್ರದ ಗುರುತು, ನಂಬರು, ಇಷ್ಟನ್ನು ಯಾರಾದರೂ ತೆಗೆದಿಟ್ಟರೆ ಅದು ಹತ್ತು ಸಾಕ್ಷಿಗಳಿಗೆ ಸಮ.

ಪರಿಹಾರದ ಅರ್ಜಿಯನ್ನು ಹಾಕುವುದು ಮೋಟಾರು ಅಪಘಾತ ಪರಿಹಾರದ ನ್ಯಾಯಮಂಡಲಿಯ ಮುಂದೆ. ಅಪಘಾತ ನಡೆದ ಊರಿಗೇ ಹೋಗಬೇಕೆಂದಿಲ್ಲ. ಅರ್ಜಿದಾರರು ವಾಸಮಾಡುವ ಸ್ಥಳದಲ್ಲಿಯೂ ಹಾಕಬಹುದು. ತಿದ್ದುಪಡಿಯಾದ ಕಾನೂನು 2022ರ ಏಪ್ರಿಲ್ 1ರಿಂದ ಇದಕ್ಕೆ ಆರು ತಿಂಗಳ ಅವಧಿಯನ್ನು ಗೊತ್ತುಮಾಡಿತು. ಈ ಅವಧಿಯ ವಿಚಾರವಾಗಿ ಕೋರ್ಟುಗಳಲ್ಲಿ ವಾದಗಳೆದ್ದಿರುವುದು ನಿಜ. ಅದನ್ನು ನಂಬಿ ಏಳನೆಯ ತಿಂಗಳಿನವರೆಗೆ ಕೂತಿರುವುದು ವಿವೇಕವಲ್ಲ. ತಪ್ಪು ಯಾರದೆಂಬ ವಿಚಾರಣೆಯೇ ಇಲ್ಲದೆ, ಮರಣಕ್ಕೆ ಐದು ಲಕ್ಷ, ತೀವ್ರವಾದ ಗಾಯಕ್ಕೆ ಎರಡೂವರೆ ಲಕ್ಷ ರೂಪಾಯಿ ಪಡೆಯಲು 164ನೆಯ ಪ್ರಕರಣದ ದಾರಿಯುಂಟು. ತಪ್ಪನ್ನು ರುಜುವಾತುಪಡಿಸಿ ಪೂರ್ಣವಾದ ನಷ್ಟವನ್ನು ಕೇಳಲು 166ನೆಯದು. ಎರಡನ್ನೂ ಒಟ್ಟಿಗೆ ಹಿಡಿಯಲಾಗದು. ಯಾವುದು ಮೇಲೆಂಬುದನ್ನು ಮೊದಲೇ ಯೋಚಿಸಬೇಕು. ಡಿಕ್ಕಿ ಹೊಡೆದು ಓಡಿಹೋದ ವಾಹನದ ಪತ್ತೆಯೇ ಆಗದಿದ್ದರೂ ಸರ್ಕಾರದ ನಿಧಿಯಿಂದ ಮರಣಕ್ಕೆ ಎರಡು ಲಕ್ಷ, ತೀವ್ರವಾದ ಗಾಯಕ್ಕೆ ಐವತ್ತು ಸಾವಿರ ಸಲ್ಲುತ್ತದೆ. ಇದು ಹಳ್ಳಿಯವರಲ್ಲಿ ಬಹುಮಂದಿಗೆ ತಿಳಿಯದೆ ಹೋಗಿದೆ.

ಗಾಯದ ನಷ್ಟವನ್ನು ಎಣಿಸುವ ಬಗೆಯನ್ನು ಒಂದು ಉದಾಹರಣೆಯಿಂದ ಹೇಳುತ್ತೇನೆ. ಕುಣಿಮಗ್ಗದ ನೇಕಾರನೊಬ್ಬನಿಗೆ ಮೊಣಕಾಲು ಮಡಿಸಲಾಗದಂತಾಯಿತೆನ್ನಿ. ಡಾಕ್ಟರು ಇಡೀ ದೇಹದ ಲೆಕ್ಕಕ್ಕೆ ನೂರಕ್ಕೆ ಹತ್ತೆಂದು ಬರೆದಾರು. ಗುಮಾಸ್ತನಿಗೆ ಅದರಿಂದ ಸಂಬಳವೇನೂ ಕಡಮೆಯಾಗದಿರಬಹುದು. ನೇಕಾರನಾದರೋ ಕುಣಿಯಲ್ಲಿ ಕಾಲಿಳಿಸಿ ಹಲಗೆ ತುಳಿಯಬೇಕಾದವನು. ಆದ್ದರಿಂದ ಅಂಗದ ಊನವನ್ನಲ್ಲ, ಸಂಪಾದನೆಯ ಊನವನ್ನು ನೋಡಬೇಕೆಂಬ ತತ್ವವನ್ನು ಸುಪ್ರೀಂ ಕೋರ್ಟು ರಾಜ್‌ಕುಮಾರ್ ಮೊಕದ್ದಮೆಯಲ್ಲಿ ವಿವರಿಸಿದೆ. ಅವನ ಸಂಪಾದನೆ ತಿಂಗಳಿಗೆ 12,000, ಅಂದರೆ ವರ್ಷಕ್ಕೆ 1,44,000 ರೂಪಾಯಿ; ಕೆಲಸದಲ್ಲಿ ಅರ್ಧ ಹೋಯಿತೆಂದರೆ 72,000. 2009ರ ಸರಳಾ ವರ್ಮಾ ತೀರ್ಪು ವಯಸ್ಸಿಗೆ ತಕ್ಕಂತೆ ಗುಣಿಸುವ ಅಂಕಿಯನ್ನು ನಿಗದಿಮಾಡಿದೆ. ಮೂವತ್ತೆಂಟು ವರ್ಷದವನಿಗೆ ಅದು 15. ಗುಣಿಸಿದರೆ 10,80,000. ಔಷಧದ ಖರ್ಚು, ನೋವು, ಮಲಗಿದ್ದ ತಿಂಗಳುಗಳ ಕೂಲಿ, ನೋಡಿಕೊಂಡವರ ವೆಚ್ಚ, ಇವೆಲ್ಲ ಬೇರೆ. ಆದರೆ ನೇಕಾರನು ತಾನು ನೇಕಾರನೆಂಬುದಕ್ಕೆ ಆಧಾರ ತೋರಿಸಬೇಕು. ಸಹಕಾರ ಸಂಘದ ಪುಸ್ತಕವೋ, ನೂಲು ಕೊಟ್ಟವರ ಲೆಕ್ಕವೋ, ಬ್ಯಾಂಕಿನ ಪುಸ್ತಕವೋ ಬೇಕು. ಮನೆಗೆಲಸ ಮಾಡುವ ಗೃಹಿಣಿಗೆ ಸಂಪಾದನೆಯಿಲ್ಲವೆಂಬ ವಾದವೂ ಈಗ ನಡೆಯುವುದಿಲ್ಲ. ಆಕೆಯ ದುಡಿಮೆಗೆ ಬೆಲೆ ಕಟ್ಟಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟು 2021ರಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿತು.

ನನ್ನ ವೃತ್ತಿಬಾಂಧವರ ವಿಷಯವಾಗಿಯೂ ಒಂದು ಮಾತು. ಆಸ್ಪತ್ರೆಯ ಹಾಸಿಗೆಯ ಬಳಿಗೇ ವಕಾಲತ್ತಿನ ಕಾಗದ ಹಿಡಿದು ಬರುವ ಮಧ್ಯಸ್ಥರು ಇದ್ದಾರೆ. ಬಂದ ಪರಿಹಾರದಲ್ಲಿ ಇಷ್ಟು ಪಾಲೆಂದು ಕರಾರು ಮಾಡಿಕೊಳ್ಳುವುದು ವಕೀಲರ ನಡತೆಯ ನಿಯಮಗಳಿಗೆ ವಿರುದ್ಧ. ಅಂಥ ಕರಾರಿಗೆ ರುಜು ಹಾಕಬೇಡಿ. ಹಣವಿಲ್ಲದವರು ತಾಲ್ಲೂಕಿನ ಕಾನೂನು ಸೇವಾ ಸಮಿತಿಯನ್ನು ಕೇಳಬಹುದು. ಹೆಂಗಸರಿಗೂ ಮಕ್ಕಳಿಗೂ ಪರಿಶಿಷ್ಟ ಜಾತಿ ಪಂಗಡದವರಿಗೂ ಅಲ್ಲಿ ವರಮಾನದ ಪ್ರಶ್ನೆಯಿಲ್ಲದೆಯೇ ವಕೀಲರ ಸಹಾಯ ದೊರೆಯುತ್ತದೆ. ಲೋಕ ಅದಾಲತ್ತಿನಲ್ಲಿ ರಾಜಿಯಾಗುವುದು ಶೀಘ್ರವಾದ ದಾರಿಯೇ. ಆದರೆ ಅಲ್ಲಿ ಒಪ್ಪಿದ ಮೇಲೆ ಅಪೀಲಿಲ್ಲ. ಇನ್ನೊಂದು ಶಸ್ತ್ರಚಿಕಿತ್ಸೆ ಬಾಕಿ ಇರುವಾಗ ಒಪ್ಪಿಬಿಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಅಣ್ಣಂದಿರ ಮೊಕದ್ದಮೆ ಕೊನೆಗೆ ಏನಾಯಿತೆಂದು ನೀವು ಕೇಳಬಹುದು. ಫಿರ್ಯಾದು ತಡವಾದ ಮಾತ್ರಕ್ಕೆ ಅರ್ಜಿಯನ್ನು ತಳ್ಳಿಹಾಕಬಾರದೆಂದು ಸುಪ್ರೀಂ ಕೋರ್ಟು 2011ರಲ್ಲಿ ಹೇಳಿದ್ದುದು ನಮಗೆ ಆಸರೆಯಾಯಿತು. ಎಳನೀರಿನವನು ಒಂದು ದಿನದ ವ್ಯಾಪಾರವನ್ನು ಬಿಟ್ಟು ಬಂದು ಕಂಡದ್ದನ್ನು ಕಂಡಂತೆ ಹೇಳಿದನು. ಆಮೇಲೆ ಕಾರಿನ ಮಾಲೀಕರೇ ಆ ರುಜುಮಾಡಿದ ಕಾಗದವನ್ನು, ತಕರಾರು ಮುಗಿದುಹೋಗಿದೆಯೆಂದು ತೋರಿಸುವುದಕ್ಕಾಗಿ, ಹಾಜರುಪಡಿಸಿದರು. ಅದರಲ್ಲಿ ‘ಈ ದಿನ ನನ್ನ ಸ್ಕೂಟರಿಗೆ ಕಾರು ತಗುಲಿದ ಬಗ್ಗೆ ನನ್ನ ತಕರಾರು ಏನೂ ಇರುವುದಿಲ್ಲ’ ಎಂದು ಬರೆದಿತ್ತು. ತಲೆಗೆ ಪೆಟ್ಟು ಬಿದ್ದು ಕಾಲು ಗಂಟೆಯಾಗದವನು, ತನಗಾದ ಗಾಯ ಎಂಥದೆಂದು ತಿಳಿಯದೆ ಹಾಕಿದ ರುಜು ಅವನನ್ನು ಕಟ್ಟಲಾರದೆಂದು ನ್ಯಾಯಾಧೀಶರು ಅಭಿಪ್ರಾಯಪಟ್ಟರು. ಕಾರು ತಗುಲಿದ್ದೆಂಬುದಕ್ಕೆ ಮಾತ್ರ ಆ ಕಾಗದವನ್ನೇ ಆಧಾರವಾಗಿ ತೆಗೆದುಕೊಂಡರು. ಹಣ ಬಂದಿತು, ಅದರಲ್ಲಿ ಹೆಚ್ಚು ಭಾಗವನ್ನು ಬ್ಯಾಂಕಿನಲ್ಲಿ ಠೇವಣಿಯಿಡಬೇಕೆಂದು ಆಜ್ಞೆಯಾಯಿತು. ಅಣ್ಣಂದಿರು ಈಗ ಎಡಗೈಯಿಂದ ಬರೆಯುವುದನ್ನು ಅಭ್ಯಾಸಮಾಡಿಕೊಂಡಿದ್ದಾರೆ. ತಿಂಗಳಿಗೊಮ್ಮೆ ಬಡ್ಡಿಯ ಹಣ ತರಲು ಹೋದಾಗ ಬ್ಯಾಂಕಿನವರು ಅವರ ರುಜು ಹಳೆಯದಕ್ಕೆ ಹೊಂದುವುದಿಲ್ಲವೆಂದು ಇನ್ನೂ ಒಮ್ಮೊಮ್ಮೆ ತಡೆಯುತ್ತಾರೆ.